ಪಂಪ್‌ಹೌಸಿನಲ್ಲಿ ಬೆಲ್ಜಿಯಂ ಬಿಯರು

ನಮ್ಮ ಮನೆತನದ ಗಂಡಸರು ಯಾರೂ ಕುಡಿಯುವುದಿಲ್ಲ. ಆಗಾಗ ಪಂಪ್‌ಹೌಸಿಗೆ ಹೋಗುತ್ತೇವೆ, ಅಷ್ಟೆ. ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಅದೊಂದು ಪುಟ್ಟ ಕೋಣೆ. ಗೋಡೆಗೆ ಮೋಟಾರಿನ ಸ್ಟಾರ್ಟರು, ಹೊರಗೆ ನೀರಿನ ತೊಟ್ಟಿ, ಬಾಗಿಲ ಪಕ್ಕದಲ್ಲೇ ಸೀಬೆ ಗಿಡ. ಆ ಗಿಡವನ್ನು ಅಪ್ಪ ಹಣ್ಣಿಗೆಂದು ನೆಟ್ಟಿರಲಾರರು. ಎರಡು ಎಲೆ ಅಗಿದುಕೊಂಡು ನಡೆದರೆ ಮನೆ ಮುಟ್ಟುವಷ್ಟರಲ್ಲಿ ಬಾಯಿಯ ವಾಸನೆ ಹೋಗಿರುತ್ತದೆ ಎಂಬುದು ನಮ್ಮ ವಂಶದ ನಂಬಿಕೆ. ಹೋಗಿರುವುದಿಲ್ಲ ಎಂಬುದು ಹೆಂಗಸರಿಗೆಲ್ಲ ಗೊತ್ತು. ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಸಂಸಾರ ಸಲೀಸಾಗಿ ನಡೆದುಕೊಂಡು ಬಂದಿದೆ.

ಈ ಏರ್ಪಾಡಿಗೆ ಕುತ್ತು ತಂದವನು ನನ್ನ ಬಾಮೈದ ಲೋಕೇಶ. ಯಗಟಿಯ ಹತ್ತಿರ ಅವನದೊಂದು ತೆಂಗಿನ ನಾರಿನ ಮಿಲ್ಲಿದೆ. ಯಾವುದೋ ಯಂತ್ರ ನೋಡಿಬರಲು ಬೆಲ್ಜಿಯಂಗೆ ಹೋದವನು ಯಂತ್ರ ಬಿಟ್ಟು ಬಾಟಲಿಯೊಂದನ್ನು ತಂದ. ದಪ್ಪ ಹಸಿರು ಗಾಜು, ಬಿರಡೆಗೆ ಬಿಗಿಯಾಗಿ ತಂತಿ ಸುತ್ತಿತ್ತು. ಹಿಂದೆ ಅಲ್ಲಿಯ ರೈತರು ಚಳಿಗಾಲದಲ್ಲಿ ಮನೆಯಲ್ಲೇ ಈ ಬಿಯರು ಮಾಡಿಟ್ಟು ಬೇಸಿಗೆಯಲ್ಲಿ ಹೊಲದ ಆಳುಗಳಿಗೆ ಕೊಡುತ್ತಿದ್ದರಂತೆ. ನಾವು ಅಂಬಲಿ ಕೊಡುವುದಿಲ್ಲವೇ, ಹಾಗೆ. ಇದನ್ನು ಕೇಳಿದ್ದೇ ನನ್ನ ಮನಸ್ಸಿನಲ್ಲಿ ಆ ಬಾಟಲಿ ಮದ್ಯವಾಗಿರುವುದು ನಿಂತು ಕೃಷಿ ಉತ್ಪನ್ನವಾಯಿತು. ಆದರೂ ಅಲ್ಲಿಯ ರೈತನ ಮನೆಯ ಬಿಯರನ್ನು ಇಲ್ಲಿಯ ರೈತನ ಮನೆಯೊಳಕ್ಕೆ ಒಯ್ಯುವ ಧೈರ್ಯ ಬರಲಿಲ್ಲ. ನನ್ನ ಹೆಂಡತಿ ಗಿರಿಜ ಲೋಕೇಶನ ಅಕ್ಕ. ನಾವಿಬ್ಬರೂ ಒಟ್ಟಿಗೆ ಸಿಕ್ಕಿಬಿದ್ದರೆ ಗಂಡನ ಮರ್ಯಾದೆ, ತಮ್ಮನ ಮರ್ಯಾದೆ ಎರಡೂ ಒಂದೇ ಏಟಿಗೆ ಹೋಗುತ್ತವೆ.

ಹಾಗಾಗಿ ಬಾಟಲಿಯ ಕತ್ತಿಗೆ ಹಗ್ಗ ಕಟ್ಟಿ ತೊಟ್ಟಿಗೆ ಇಳಿಬಿಟ್ಟೆವು. ಮಧ್ಯಾಹ್ನದ ಊಟಕ್ಕೆ ಮುಂಚೆ ಮೇಲೆತ್ತಿದಾಗ ತಳದಲ್ಲಿ ಗಸಿ ಕೂತಿತ್ತು. ಅಂಬಲಿ ಕುಡಿದು ಬೆಳೆದವನು ನಾನು; ಗಸಿ ಕಂಡರೆ ಕದಡದೆ ಬಗ್ಗಿಸಿ ಗೊತ್ತಿಲ್ಲ. ಚೆನ್ನಾಗಿ ಕುಲುಕಿ ಕೊಟ್ಟೆ. ಲೋಕೇಶ ತಂತಿ ಬಿಚ್ಚಿದ.

ಢಂ ಎಂದಿತು. ಬಿರಡೆ ತಗಡಿನ ಸೂರಿಗೆ ಬಡಿಯಿತು, ನೊರೆ ಅವನ ಮೀಸೆಗೂ ನನ್ನ ಅಂಗಿಗೂ ಹಾರಿತು. ಉಳಿದ ಅರ್ಧದಲ್ಲಿ ತುಸು ಲೋಟಕ್ಕೆ ಬಗ್ಗಿಸಿದೆವು. ತಿಳಿದವರು ಮೊದಲು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರಂತೆ. ಸ್ಟೀಲ್ ಲೋಟದಲ್ಲಿ ನನಗೆ ನನ್ನ ಮೂಗು ಕಂಡಿತು. ಒಂದು ಗುಟುಕು ಕುಡಿದೆ. ಮೊದಲು ತುಸು ಹುಳಿ, ಆಮೇಲೆ ಕಾಳುಮೆಣಸು ಕಚ್ಚಿದಂಥ ಚುರುಕು, ಕೊನೆಗೆ ಕಿತ್ತಳೆ ಸಿಪ್ಪೆಯ ಒಗರು. ನಾಲಿಗೆ ಇನ್ನೊಂದು ಗುಟುಕು ಕೇಳುತ್ತಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಗಿರಿಜ.

ಕಳೆದ ಬೇಸಿಗೆಯಲ್ಲಿ ಸ್ಟಾರ್ಟರು ಸಿಡಿದು ನನ್ನ ಕೈ ಸುಟ್ಟಿತ್ತು. ಸದ್ದು ಕೇಳಿ ಮತ್ತೆ ಅದೇ ಆಯಿತೆಂದು ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಿದ್ದಳು.

“ನಿಮ್ಗೇನೂ ಆಗಿಲ್ವಲ್ಲ?” ಎಂದಳು. ಕಣ್ಣು ತುಂಬಿತ್ತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನಿಜವಾಗಿ ನಾಚಿಕೆಯಾಯಿತು. ಅವಳು ತೊಟ್ಟಿಯ ಕಟ್ಟೆ ಮೇಲೆ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಲೋಕೇಶ ಬೆಲ್ಜಿಯಂ ಪುರಾಣವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಅಲ್ಲಿ ಅದನ್ನು ಮಾಡುತ್ತಿದ್ದವರು ಯಾರು ಎಂದು ಕೇಳಿದಳು. ಮನೆಯ ಹೆಂಗಸರೇ ಅಂತೆ ಅಕ್ಕ, ಎಂದ ಅವನು.

“ಮನೇಲಿ ಮಾಡೋದನ್ನ ಕಳ್ಳರಂಗೆ ಇಲ್ಲಿ ಕೂತ್ಕೊಂಡು ಯಾಕೆ ಕುಡೀತೀರಿ? ಬನ್ನಿ, ಮುದ್ದೆ ಆರೋಗ್ತೈತೆ.”

ನಮ್ಮ ವಂಶದಲ್ಲಿ ಪಂಪ್‌ಹೌಸಿನಿಂದ ಮನೆಗೆ ಬಾಟಲಿ ಹಿಡಿದು ಹಾಡಹಗಲೇ ನಡೆದ ಮೊದಲ ಗಂಡಸು ನಾನು. ಮುದ್ದೆ, ಉಪ್ಸಾರಿನ ಖಾರದ ಜೊತೆ ಆ ಬಿಯರು ಎಷ್ಟು ಹೊಂದಿತೆಂದರೆ ಬೆಲ್ಜಿಯಂನವರು ಮುದ್ದೆ ಇಲ್ಲದೆ ಹೇಗೆ ಕುಡಿಯುತ್ತಾರೋ ಎಂದು ಮರುಕವಾಯಿತು. ಗಿರಿಜ ರುಚಿ ನೋಡುತ್ತೇನೆಂದು ನನ್ನ ಲೋಟ ತೆಗೆದುಕೊಂಡಳು. ನಿಂಬೆಹಣ್ಣು ಹಿಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದಳು. ಲೋಟ ಮಾತ್ರ ವಾಪಸು ಬರಲಿಲ್ಲ.

ಕೈ ತೊಳೆದು ಜಗಲಿಯಲ್ಲಿ ಕೂತೆ. ಹೊಟ್ಟೆಯೂ ಮನಸ್ಸೂ ತುಂಬಿತ್ತು. ಬೆಳಿಗ್ಗೆಯೇ ಜೇಬಿಗೆ ಹಾಕಿಕೊಂಡಿದ್ದ ಸೀಬೆ ಎಲೆ ತಾನಾಗಿ ಬಾಯಿಗೆ ಬಂತು.

“ಈಗ್ಯಾರಿಗೋಸ್ಕರ ಅಗೀತಿದ್ದೀರಿ?” ಎಂದಳು ಪಕ್ಕದಲ್ಲಿ ಕೂತ ಗಿರಿಜ. ಅವಳು ಅತ್ತಿತ್ತ ನೋಡಿ, ಮೆಲ್ಲಗೆ ಕೈ ಚಾಚಿದಳು.

“ನಂಗೂ ಒಂದೆಲೆ ಕೊಡಿ. ಸಾಯಂಕಾಲ ಮಹಿಳಾ ಸಂಘದ ಮೀಟಿಂಗ್ ಐತೆ ಕಣ್ರೀ.”