ಐತವಾರದ ಹೊಸಪೇಟೆ

ನಮ್ಮ ಯಜಮಾನರು ರಿಟೈರಾಗುವುದಕ್ಕೆ ಆರು ತಿಂಗಳು ಉಳಿದಿತ್ತು. ಕಂಪನಿ ದವಾಖಾನೆಯ ಡಾಕ್ಟರು ನನ್ನನ್ನೂ ಒಳಗೆ ಕರೆದು ಕೂಡಿಸಿ ಹೇಳಿದರು: "ಔಷಧಿ ಬರೀತೀನಿ, ಆದ್ರ ಅದರಿಂದ ಭಾಳೇನೂ ಆಗಂಗಿಲ್ಲ. ಧೂಳಿಲ್ಲದ ಕಡಿ ಮನಿ ಮಾಡ್ರಿ. ಇನ್ನ ಎಷ್ಟು ದಿನ ಇವ್ರು ಚಲೋತ್ನಂಗ ಉಸಿರಾಡ್ತಾರ ಅನ್ನೋದು ಅದರ ಮ್ಯಾಲೈತಿ."

ಇಪ್ಪತ್ತೆರಡು ವರ್ಷ ಅವರು ಸಂಡೂರು ಗುಡ್ಡದ ಒಂದು ಗಣಿಯಲ್ಲಿ ಅದಿರು ಒಡೆಯುವ ಕ್ರಷರ್ ಮುಂದೆ ನಿಂತವರು. ರಿಟೈರಾದ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಡಲೇಬೇಕು. ಸಂಡೂರು ಮಾತಿಗೇ ಬರಲಿಲ್ಲ, ಗುಡ್ಡ ಇಳಿದರೂ ಅದೇ ಕೆಂಪು ಧೂಳು. ಉಳಿದದ್ದು ಎರಡೇ ಊರು, ನನ್ನ ತವರೂರು ಕಂಪ್ಲಿ ಮತ್ತು ಹೊಸಪೇಟೆ. ಎರಡೂ ಕಾಲುವೆ ನೀರು ಕುಡಿದು ಕೊಬ್ಬಿದ ಊರುಗಳೇ. ಎರಡನ್ನೂ ಅಳೆದು ತೂಗಿ ನೋಡುವ ಕೆಲಸ ನಾನೇ ವಹಿಸಿಕೊಂಡೆ. ಯಜಮಾನರು ಎಂದಿನಂತೆ, "ನೀ ಹ್ಯಾಂಗಂತಿ ಹಂಗ" ಅಂದರು.

ಕಂಪ್ಲಿಯ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡರೆ ತಡೆಯುವುದಿಲ್ಲ. ನಾನು ಲಂಗ ಹಾಕಿಕೊಂಡು ಓಡಾಡುವಾಗ ಅಲ್ಲಿಯವರು ರೊಟ್ಟಿ ತಿಂದು ತಣ್ಣಗಿದ್ದವರು. ಹೊಸ ಕಾಲುವೆ ಬಂದು ವರ್ಷಕ್ಕೆ ಎರಡು ಬೆಳೆ ಭತ್ತ ಕೈಗೆ ಹತ್ತಿದ್ದೇ ತಡ, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುವ ಗಾದೆ ಇಡೀ ಊರಿಗೆ ಅನ್ವಯಿಸಿತು. ಮನೆಗೊಂದು ಬುಲೆಟ್ ಗಾಡಿ. ಎದುರು ಓಣಿಯ ಚಹಾದಂಗಡಿಗೆ ಹೋಗಲಿಕ್ಕೂ ಅದನ್ನು ಹತ್ತು ಸಲ ಒದ್ದು ಚಾಲೂ ಮಾಡುವವರು. ಯಾರ ಮನೆಗೆ ಹೋದರೂ ನೀರು ಕೊಡುವ ಮೊದಲು ಭತ್ತದ ಸುದ್ದಿ. ಸತ್ತವರ ಮನೆಯಲ್ಲಿ ಕೂತಾಗಲೂ ಭತ್ತದ ಸುದ್ದಿ. ನಮ್ಮಣ್ಣನೂ ಒಂದು ರೈಸ್ ಮಿಲ್ ಹಾಕಿ ಬಿಳಿ ಧೋತರದವನಾದ. ಅತ್ತಿಗೆಯಂತೂ ನಾನು ಹೋದಾಗಲೆಲ್ಲ ಬಳೆ ಸರಿ ಮಾಡಿಕೊಳ್ಳುತ್ತ, "ಕ್ವಾರ್ಟರ್ಸು ಎಷ್ಟ್ ಚಂದಿದ್ರೂ ಅದು ಕಂಪನಿದ ಅಲ್ಲೇನವಾ?" ಅಂತ ನಯವಾಗಿ ಚುಚ್ಚುತ್ತಿದ್ದಳು. ಅಂಥವರ ನೆರಳಿಗೆ ಹೋಗಿ ಇರುವುದೇ? ಥೂ!

ಆ ವರ್ಷ ಅಣ್ಣನ ಮೊಮ್ಮಗನ ತೊಟ್ಟಿಲ ಶಾಸ್ತ್ರ ಬುಧವಾರ ಬಂತು. ಯಜಮಾನರು ರಜೆ ಹಾಕಿದರು. ಹೋಗಿ ನೋಡಿದರೆ ಸುಗ್ಗಿಯ ಭರ, ಊರಿನ ಮಿಲ್ಲುಗಳೆಲ್ಲ ಒಟ್ಟಿಗೆ ಬಾಯಿ ತೆರೆದುಕೊಂಡಿದ್ದವು. ಕುದಿಸಿದ ಭತ್ತದ ನಾತ, ಹೊಟ್ಟು ಸುಟ್ಟ ಹೊಗೆ. ಅಣ್ಣನ ಮನೆಯಂಗಳದಲ್ಲಿ ಊಟಕ್ಕೆ ಕೂತರೆ ಹೋಳಿಗೆಯ ಮೇಲೆ ಕರಿ ಬೂದಿ ಉದುರಿತು. "ನೋಡಿದ್ರ್ಯಾ, ತುಪ್ಪಕ್ಕಿಂತ ಜಾಸ್ತಿ ಬೂದಿನ ಬಡಸ್ತಾರ" ಅಂತ ನಾನು ಯಜಮಾನರ ಕಿವಿಯಲ್ಲಿ ಹೇಳಿದೆ. ಅವರು ಬೂದಿ ಒರೆಸಿ ಹೋಳಿಗೆ ತಿಂದರು.

ಸಂಜೆ ಅಣ್ಣ ನಮ್ಮಿಬ್ಬರನ್ನೂ ಹೊಳೆ ಕಡೆಗೆ ಕರೆದುಕೊಂಡು ಹೋದ. ಮಿಲ್ಲುಗಳಿಂದ ದೂರ, ಬಾಳೆ ತೋಟ ದಾಟಿದ ಮೇಲೆ ಅವನದೊಂದು ಹಳೆ ಮನೆಯಿತ್ತು, ಬೀಗ ಹಾಕಿದ್ದು. "ಖಾಲಿನ ಐತಿ. ಬಂದಿರ್ರಿ ಭಾವಾ, ಬಾಡಿಗಿ ಗೀಡಿಗಿ ಅಂತ ಮಾತಾಡಬ್ಯಾಡ್ರಿ" ಅಂದ. ಯಜಮಾನರು ಆ ಮನೆಯ ಕಟ್ಟೆಯ ಮೇಲೆ ಕೂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಸುಮಾರು ಹೊತ್ತು ಹೊಳೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ಉಸಿರು ಹಗುರಾಕ್ಕೈತಲೇ" ಅಂದರು.

ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ತನಗೆ ಬೇಕು ಅಂತ ಬಾಯಿಬಿಟ್ಟು ಹೇಳಿದ್ದು ಅದೊಂದೇ. ನಾನೇನು ಮಾಡಿದೆ? ಮೂಗು ಮುರಿದೆ. "ತವರಿಗೆ ತಿರುಗಿ ಬಂದ್ಲು, ಅಣ್ಣನ ಮನ್ಯಾಗ ಬಿದ್ದಾಳ ಅಂತ ಈ ಊರ ಹೆಂಗಸರ ಬಾಯಿಗೆ ಎಲಿ ಅಡಕಿ ಆಗ್ಲೇನು? ನನ್ನ ಹೆಣ ಬರ್ತೈತಿ ಇಲ್ಲಿಗೆ!" ಅಂದೆ. ಅವರು ಗುಂಡಿ ಹಾಕಿಕೊಂಡು ಎದ್ದರು.

ಇನ್ನು ಹೊಸಪೇಟೆ. ಅದರ ಮೇಲೆ ನನಗೆ ಪ್ರೀತಿಯಿತ್ತೆಂದು ಯಾರೂ ತಿಳಿಯಬೇಡಿ. ಹಂಪಿ ಪಕ್ಕದಲ್ಲಿದೆ ಅನ್ನುವುದೇ ಆ ಊರಿನವರ ದೊಡ್ಡ ಸಾಧನೆ. ವಿಜಯನಗರದ ಅರಸರು ಖಾಸಾ ತಮ್ಮ ಅಜ್ಜಂದಿರು ಅನ್ನುವ ಹಾಗೆ ಎದೆ ಉಬ್ಬಿಸುತ್ತಾರೆ. ಆದರೆ ಹಂಪಿಗೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ, ಯಾವುದೋ ಮಂಟಪದಲ್ಲಿ ಉಂಡು, ಎಲೆ ಅಲ್ಲೇ ಬಿಸಾಕಿ, ತೇಗುತ್ತ ಬಸ್ಸು ಹತ್ತುತ್ತಾರೆ. ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಜಾತಿ ಕೇಳುತ್ತಾರೆ, ಆಮೇಲೆ ನೆಂಟರು ಬಹಳ ಬರುತ್ತಾರೇನು ಅಂತ ಕೇಳುತ್ತಾರೆ, ನಳದಲ್ಲಿ ನೀರು ಬರುತ್ತದೆಯೇ ಅಂತ ನಾವು ಕೇಳಿದರೆ ಮಾತ್ರ ಆಕಾಶ ನೋಡುತ್ತಾರೆ. ಆದರೂ ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಆ ಒಂದೇ ಗುಣಕ್ಕೆ ಊರಿನ ನೂರು ತಪ್ಪು ಮಾಫಿ ಮಾಡಿದೆ.

ಹೊಸಪೇಟೆಗೆ ನಾವು ಹೋಗುತ್ತಿದ್ದದ್ದು ಕಂಪನಿ ಬಸ್ಸಿನಲ್ಲಿ. ಭಾನುವಾರ, ನಮ್ಮ ಕಡೆಯವರ ಬಾಯಲ್ಲಿ ಐತವಾರ, ಗಣಿಗೆ ವಾರದ ರಜೆ. ಅವತ್ತು ಬಸ್ಸು ಕ್ವಾರ್ಟರ್ಸಿನ ಜನರನ್ನು ತುಂಬಿಕೊಂಡು ಬೆಳಿಗ್ಗೆ ಹೊರಟು ಸಂಜೆ ತಿರುಗುತ್ತಿತ್ತು. ಕಾಯಿಪಲ್ಯ, ಸೀರೆ, ಸಿನಿಮಾ ಎಲ್ಲ ಅದೇ ದಿನ. ಹಾಗೇ ಮನೆಯನ್ನೂ ಭಾನುವಾರ ಹುಡುಕಿದೆವು. ರೈಲ್ವೆ ಸ್ಟೇಷನ್ನಿನ ಕಡೆ ಹೋಗುವ ಅಗಲ ರಸ್ತೆಯಲ್ಲಿ ಒಂದು ಸಿಕ್ಕಿತು. ಮುಂದೆ ಪಡಸಾಲೆ, ಹಿಂದೆ ಕಾಲುವೆ. ನಾಲ್ಕು ಭಾನುವಾರ ಹೋಗಿ ನೋಡಿದೆ, ನನ್ನ ಪರೀಕ್ಷೆ ಅಷ್ಟು ಬಿಗಿ! ನಾಲ್ಕು ಸಲವೂ ರಸ್ತೆ ತೊಳೆದಿಟ್ಟ ಹಾಗೆ ಶಾಂತ. ಮನೆಯ ಮಾಲೀಕ, "ಗಾಳಿ ಮಸ್ತ್ ಐತ್ರಿ" ಅಂದ. ಯಜಮಾನರು ಪಡಸಾಲೆಯಲ್ಲಿ ಕೂತು ಒಂದು ಸಲವೂ ಕೆಮ್ಮಲಿಲ್ಲ. "ನೋಡ್ರಿ, ಎಲ್ಲಿಯ ಕಂಪ್ಲಿ, ಎಲ್ಲಿಯ ಇದು!" ಅಂತ ನಾನು ಗೆದ್ದವಳ ಹಾಗೆ ಅಂದೆ.

ಸಾಮಾನು ಸಾಗಿಸಿದ್ದೂ ಭಾನುವಾರವೇ.

ಸೋಮವಾರ ಬೆಳಿಗ್ಗೆ ಚಹಾ ಸೋಸುತ್ತಿದ್ದೆ, ಕಟ್ಟೆಯ ಮೇಲಿನ ಕಪ್ಪು ಬಸಿ ಗಲಗಲ ಅಂದವು. ಹೊರಗೆ ಬಂದರೆ ಅದಿರಿನ ಲಾರಿ. ಅದರ ಹಿಂದೆ ಇನ್ನೊಂದು, ಮತ್ತೊಂದು. ಗುಡ್ಡದ ಗಣಿಗಳ ಅದಿರೆಲ್ಲ ರೈಲಿಗೆ ತುಂಬಲು ನಮ್ಮ ಬಾಗಿಲ ಮುಂದೆಯೇ ಹಾಯ್ದು ಹೋಗುತ್ತಿತ್ತು. ನಮ್ಮ ಗಣಿಯ ಲಾರಿಗಳೂ ಇದ್ದವು. ಪಡಸಾಲೆ, ಕಿಟಕಿ, ಒಣ ಹಾಕಿದ ಧೋತರ, ಎಲ್ಲ ಅರ್ಧ ತಾಸಿನಲ್ಲಿ ಕೆಂಪು. ಪಕ್ಕದ ಮನೆಯಾಕೆಯನ್ನು ಗಾಬರಿಯಿಂದ ಕೇಳಿದೆ. ಆಕೆ ನಕ್ಕುಬಿಟ್ಟಳು. "ದಿನಾ ಹಿಂಗರೀ ಯಕ್ಕಾ. ಐತವಾರ ಒಂದ ಇರಂಗಿಲ್ಲ, ಗಣಿ ರಜಾ ಅಲ್ಲೇನ್ರಿ? ನೀವು ಗಣ್ಯಾಗ ಇದ್ದವ್ರು, ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು! ಇಪ್ಪತ್ತೆರಡು ವರ್ಷ ಭಾನುವಾರದ ರಜೆ ಉಂಡವಳಿಗೆ ಗೊತ್ತಿರದೇ ಏನು? ಕಂಪ್ಲಿಯನ್ನು ಸುಗ್ಗಿಯ ಬುಧವಾರ ನೋಡಿದೆ, ಹೊಸಪೇಟೆಯನ್ನು ರಜೆಯ ದಿನ ನೋಡಿದೆ, ನೋಡಿ ನ್ಯಾಯ ಹೇಳಿದೆ. ಎರಡು ಊರಿನವರನ್ನೂ ದಡ್ಡರೆಂದು ಹೀಯಾಳಿಸಿದ ನನ್ನಂಥ ದಡ್ಡಿ ಆ ಎರಡು ಊರಿನಲ್ಲೂ ಇರಲಿಲ್ಲ.

ತಿದ್ದಿಕೊಳ್ಳಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅಣ್ಣನಿಗೆ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಅತ್ತಿಗೆ ಬಳೆ ಸರಿ ಮಾಡಿಕೊಳ್ಳುವುದು ಕಣ್ಣಿಗೆ ಬರುತ್ತಿತ್ತು. ಬದಲಿಗೆ ಕಿಟಕಿಗಳಿಗೆ ಹಳೆ ಸೀರೆ ಕಟ್ಟಿದೆ, ದಿನಕ್ಕೆ ಮೂರು ಸಲ ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಹಿಂಡಿದರೆ ಕೆಂಪು ನೀರು. ಯಜಮಾನರು ಆರು ದಿನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂಡುವರು, ಭಾನುವಾರ ಕುರ್ಚಿ ಎತ್ತಿಕೊಂಡು ಪಡಸಾಲೆಗೆ ಬರುವರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಎರಡನೆಯ ವರ್ಷ ಅತ್ತಿಗೆ ನೋಡಲು ಬಂದಳು, ಒಂದು ಗುರುವಾರ. ಮುಚ್ಚಿದ ಕಿಟಕಿ ನೋಡಿದಳು, ಇವರ ಎದೆಯ ಸಪ್ಪಳ ಕೇಳಿದಳು. ಚುಚ್ಚುತ್ತಾಳೆಂದು ನಾನು ಸೊಂಟ ಕಟ್ಟಿ ನಿಂತಿದ್ದರೆ ಆಕೆ ಬಳೆ ಮುಟ್ಟಲೇ ಇಲ್ಲ. "ಅಣ್ಣಾರ, ಹೊಳಿ ಮಗ್ಗಲ ಮನಿ ಇನ್ನೂ ಖಾಲಿನ ಐತ್ರಿ. ಕೀಲಿ ತಂದೀನಿ" ಅಂತ ಯಜಮಾನರಿಗೆ ಹೇಳಿ ಸೆರಗಿನ ಗಂಟು ಬಿಚ್ಚತೊಡಗಿದಳು.

ಯಜಮಾನರು ಕೀಲಿ ನೋಡಲಿಲ್ಲ, ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ. "ಬ್ಯಾಡ್ರಿ, ಇಲ್ಲೇ ಭಾಳ ಚಲೋ ಐತಿ" ಅಂದರು. ಕೆಮ್ಮು ನಿಂತ ಮೇಲೆ ಮತ್ತೆ ಹೇಳಿದರು: "ಒಂದಿನ ಐತವಾರ ಬರ್ರಿ, ನೋಡುವಂತ್ರಿ."

ಆಗಲಾದರೂ ನಾನು ಬಾಯಿ ಬಿಡಬೇಕಾಗಿತ್ತು. ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಮುಂದಿನ ಸುಗ್ಗಿಯನ್ನು ಅವರು ನೋಡಲಿಲ್ಲ.

ಈಗ ನಾನು ಆ ಹೊಳೆ ಮಗ್ಗಲ ಮನೆಯಲ್ಲೇ ಇದ್ದೇನೆ. ಅವರು ಹೋದ ಹನ್ನೆರಡನೆಯ ದಿನ ಅತ್ತಿಗೆ ಮತ್ತೆ ಕೀಲಿ ತಂದಳು, ಸುಮ್ಮನೆ ಕೈ ಚಾಚಿದೆ. ಕಂಪ್ಲಿಯವರು ಹಾಗೇ ಇದ್ದಾರೆ, ಬಾಯಿ ತೆರೆದರೆ ಭತ್ತ. ನಾನೂ ಹಾಗೇ ಇದ್ದೇನೆ, ಬೆಳಿಗ್ಗೆ ಏಳುತ್ತಲೇ ಒದ್ದೆ ಬಟ್ಟೆ ತಗೊಂಡು ಕಿಟಕಿ ಒರೆಸುತ್ತೇನೆ. ಬಟ್ಟೆ ಬೆಳ್ಳಗೇ ಇರುತ್ತದೆ.