ಕಬ್ಬಿನ ಟ್ರ್ಯಾಕ್ಟರಿನ ಹಿಂದ

ಸಾಲಿಯೊಳಗ ನಾನು ಕಣ್ಣು ಬಿಟ್ಟರ ಐವತ್ತು ಹುಡುಗರು ಗಪ್ಪಾಗತಾವ. ಅದೇ ನಾನು, ಮುಂದೊಂದು ಕಬ್ಬಿನ ಟ್ರ್ಯಾಕ್ಟರ್ ಕಂಡರ ಆಡಿನಮರಿ. ಏಕಸಂಬಿಯಿಂದ ಚಿಕ್ಕೋಡಿಗೆ ಸಾಲಿ ಕಲಸಾಕ ದಿನಾ ಸ್ಕೂಟಿ ಮ್ಯಾಲ ಹೋಗಾಕಿ. ಸಕ್ಕರಿ ಕಾರ್ಖಾನಿ ಸುರು ಆದ್ವು ಅಂದ್ರ ರೋಡ್ ತುಂಬ ಅವೇ: ಒಂದು ಎಂಜಿನ್ನು, ಹಿಂದ ಎರಡು ಟ್ರೇಲರ್, ಎರಡೂ ಬಾಜೂ ಹೊರಗ ಚಾಚಿದ ಕಬ್ಬು. ಮುಂದಿಂದು ಏನೂ ಕಾಣಂಗಿಲ್ಲ. ಡ್ರೈವರ್ ಹಚ್ಚಿದ ಮರಾಠಿ ಹಾಡಿನ ಅಬ್ಬರಕ್ಕ ನಮ್ಮ ಹಾರ್ನ್ ಅವನಿಗೆ ಕೇಳಂಗಿಲ್ಲ.

ನನಗೇನೂ ಆಗಿಲ್ಲ, ಹೇಳಿಬಿಡತೇನಿ. ಎಂದೂ ಬಿದ್ದಿಲ್ಲ, ಗುದ್ದಿಲ್ಲ. ಆದರೂ ದಾಟಬೇಕು ಅಂದಕೂಡಲೇ ಎದಿ ಡವಡವ, ಅಂಗೈ ಬೆವರು, ಬಾಯಿ ಒಣಗಿ ಕಟಗಿ. ನಮ್ಮ ಮನಿಯವ್ರಿಗೆ ಹೇಳಿದ್ರ, "ಅದಕ್ಯಾಕ ಅಂಜತಿ, ಹಾರ್ನ್ ಹೊಡದು ಮುಂದ ಹೋಗು," ಅಂತಾರ. ಅಂಜಬ್ಯಾಡ ಅಂದ್ರ ಅಂಜಿಕಿ ಹೋಗೂದಿದ್ರ ನಾನೇ ನೂರು ಸಲ ಅಂದುಕೊಂಡೇನಿ. ದಾಟದ ಹಿಂದಿಂದೇ ಹೋದ್ರಾತು ಅಂತ ಮೊದಮೊದಲು ಹತ್ತು ನಿಮಿಷ ಲಗೂನ ಹೊಂಟೆ. ಆಮ್ಯಾಲ ಅರ್ಧಾ ತಾಸು. ತಪ್ಪಿಸಿಕೊಂಡಷ್ಟೂ ಅದು ಬಲೀತು.

ಮಗಳು ಚಿಕ್ಕೋಡಿಯೊಳಗ ಡಿಗ್ರಿ ಓದತಾಳ, ನನ್ನ ಹಿಂದೇ ಕೂತು ಬರತಾಳ. ಹೋದ ವರ್ಷ ಲೈಸೆನ್ಸ್ ತಗೊಂಡಾಳ, ಆದ್ರ ಗಾಡಿ ಮುಟ್ಟಂಗಿಲ್ಲ. ಆಳಸಿ ಅಂತ ಬೈತಿದ್ದೆ.

ಅವತ್ತು ಅಕಿದು ಪರೀಕ್ಷಾ. ತಾಸು ಮೊದಲೇ ಹೊಂಟಿದ್ವಿ. ಅಂಜಾವ್ರ ಮ್ಯಾಲ ಕಪ್ಪಿ ಒಗದಂಗ, ಅರ್ಧಾ ದಾರಿಯೊಳಗ ಟ್ರ್ಯಾಕ್ಟರ್ ಸಿಕ್ಕಿತು. ಏರು ಬ್ಯಾರೆ, ಅದು ಆಮಿ ಹಂಗ ಹೊಂಟಿತ್ತು. ಹಿಂದಿಂದ ಬಂದ ಬೈಕು, ಕಾರು ಎಲ್ಲಾ ನಮ್ಮನ್ನೂ ಅದನ್ನೂ ದಾಟಿ ಹೋದ್ವು. ಮುಂದ ರೋಡ್ ಖಾಲಿ ಕಂಡಿರಬೇಕು, ಡ್ರೈವರ್ ಕೈ ಹೊರಗ ಹಾಕಿ ಹೋಗ್ರಿ ಅಂತ ಬೀಸಿದ. ನಾನು ಹೋಗಲಿಲ್ಲ. ಮತ್ತ ಬೀಸಿದ. ಅವನ ಕೈ ನಂಬಿ ಹೋಗಿ, ಎದುರಿಗೆ ಲಾರಿ ಬಂದ್ರ? ಪರೀಕ್ಷಾಕ್ಕ ಇನ್ನ ಇಪ್ಪತ್ತೇ ನಿಮಿಷ ಇತ್ತು.

"ಪೆಟ್ರೋಲ್ ಕಡಿಮಿ ಐತಿ, ಅದಕ್ಕ ಸಾವಕಾಶ ಹೊಂಟೇನಿ," ಅಂದೆ. ಶುದ್ಧ ಸುಳ್ಳು.

ಅಕಿ ಎರಡೂ ಕೈ ನನ್ನ ಹೊಟ್ಟಿ ಸುತ್ತ ಇದ್ದವು. "ಅವ್ವಾ, ನೀ ಉಸಿರು ಹಿಡದಿ," ಅಂದಳು. "ಟ್ರ್ಯಾಕ್ಟರ್ ಬಂದಾಗೆಲ್ಲಾ ಹಿಡೀತಿ. ನನ್ನ ಕೈಗೆ ಗೊತ್ತಾಗತೈತಿ. ಸಣ್ಣಾಕಿದ್ದಾಗಿಂದ ನಾನೂ ಹಿಡೀತೇನಿ. ಅದಕ್ಕ ನನಗ ಗಾಡಿ ಬ್ಯಾಡ."

ಇಷ್ಟು ವರ್ಷ ಎಷ್ಟು ಚೆಂದ ಮುಚ್ಚಿಟ್ಟೇನಿ ಅಂತ ಹೆಮ್ಮಿ ಇತ್ತು ನನಗ. ಮುಚ್ಚಿಟ್ಟದ್ದೆಲ್ಲಾ ಕೂಸಿಗೇ ಉಣಿಸೀನಿ. ಟ್ರ್ಯಾಕ್ಟರಿಗಿಂತ ಆ ಮಾತಿಗೆ ಹೆಚ್ಚು ಅಂಜಿದೆ.

"ಪೆಟ್ರೋಲ್ ಐತವಾ," ಅಂದೆ. "ನನಗ ಅಂಜಿಕಿ. ಭಾಳ ಅಂಜಿಕಿ."

ಹೇಳಿದ ಮ್ಯಾಲೂ ಅಂಜಿಕಿ ಹೋಗಲಿಲ್ಲ. ಆದ್ರ ಉಸಿರು ಹೊರಗ ಬಂತು. ಅಕಿಗೆ ಕೇಳೂಹಂಗ ಜೋರಾಗಿ ಬಿಟ್ಟೆ, ತಗೊಂಡೆ. ನನ್ನ ಬೆನ್ನಿಗೆ ಅಕಿ ಉಸಿರೂ ತಾಗಿತು. ಏರು ಮುಗದು ದಾರಿ ನೆಟ್ಟಗಾದ ಮ್ಯಾಲ ಒಂದೀಟು ಬಾಜೂಕ ಸರದು ನಾನೇ ನೋಡಿದೆ. ಕಣ್ಣಿಗೆ ಕಾಣೂತನಕ ರೋಡ್ ಖಾಲಿ. ಆಕ್ಸಿಲರೇಟರ್ ತಿರುವಿದೆ. ಕಬ್ಬಿನ ಗರಿ ಹೆಲ್ಮೆಟ್ಟಿಗೆ ಸವರಿತು. ದಾಟೂತನಕ ಇಬ್ಬರೂ ಎಮ್ಮಿ ಬಿಟ್ಟಂಗ ಉಸಿರು ಬಿಡತಿದ್ವಿ.

ಕಾಲೇಜಿನ ಮುಂದ ಇಳದಾಕಿ, "ಸಂಜಿಗೆ ನಾ ಹೊಡೀತೇನಿ, ನೀ ಹಿಂದ ಕೂಡು," ಅಂದು ಒಳಗ ಓಡಿದಳು.

ಬ್ಯಾಡ ಅನ್ನೂದು ನಾಲಿಗಿ ತುದಿತನಕ ಬಂದಿತ್ತು, ನುಂಗಿದೆ. ಸಂಜಿಗೆ ಕೀಲಿ ಅಕಿ ಕೈಗೆ ಕೊಟ್ಟು ಹಿಂದ ಕೂತೆ. ಅಷ್ಟು ಅಂಜಿಕಿ ನನಗ ಜನ್ಮದಾಗ ಆಗಿರಲಿಲ್ಲ.