ಬೆನ್ನ ಮೇಲಿನ ಸುಳಿ

ಮೈಸೂರಿನಲ್ಲಿ ರೇಸಿನ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದಾಗ ಒಂದು ಕಂದು ಹೆಣ್ಣು ಕುದುರೆ ನನ್ನ ಕೈಗೆ ಬಂತು. ಅದರ ಪಾಸ್‌ಪೋರ್ಟಿನಲ್ಲಿ, ಅಂದರೆ ಗುರುತಿನ ಪುಸ್ತಕದಲ್ಲಿ, ಮುತ್ತಜ್ಜಿಯ ತನಕ ಹೆಸರುಗಳಿದ್ದವು. ನನ್ನ ಮುತ್ತಜ್ಜಿಯ ಹೆಸರು ನನಗೇ ಗೊತ್ತಿಲ್ಲ. ಮೈಮೇಲಿನ ಕೂದಲ ಸುಳಿಗಳನ್ನೂ ಚಿತ್ರ ಬರೆದು ತೋರಿಸಿದ್ದರು. ಅಲ್ಲಿ ಸುಳಿ ಎಂದರೆ ಬರೀ ಗುರುತು. ನಮ್ಮ ಬೂಕನಕೆರೆ ಕಡೆ ಹಾಗಲ್ಲ, ಕರು ಕೊಳ್ಳುವವರು ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ.

ಆ ಕುದುರೆ ಗೆದ್ದದ್ದು ಎರಡೇ ರೇಸು. ಎರಡನೆಯದರಲ್ಲಿ ಕೊನೆಯ ತಿರುವಿನ ತನಕ ಹಿಂದೆ ಉಳಿದು, ಆಮೇಲೆ ಎಲ್ಲವನ್ನೂ ದಾಟಿ ಬಂತು. ನಾನು ಕೈಯಲ್ಲಿ ಬಕೆಟ್ಟು ಹಿಡಿದುಕೊಂಡೇ ಅತ್ತುಬಿಟ್ಟೆ. ಮರುವರ್ಷ ಮುಂಗಾಲಿನ ನರ ಹರಿದು ಓಟ ನಿಂತಿತು. ಮರಿ ಹಾಕಿಸುವಷ್ಟು ದೊಡ್ಡ ಹೆಸರೂ ಅದಕ್ಕಿರಲಿಲ್ಲ.

"ಬೇಕಿದ್ರೆ ನೀನೇ ಕರ್ಕೊಂಡ್ಹೋಗು, ಇಲ್ಲಾಂದ್ರೆ ದಲ್ಲಾಳಿಗೆ ಕೊಡ್ತೀನಿ" ಎಂದರು ಮಾಲೀಕರು. ದಲ್ಲಾಳಿ ಕೈಗೆ ಹೋದ ಕುಂಟು ಕುದುರೆಯ ಗತಿ ನನಗೆ ಗೊತ್ತಿತ್ತು.

ತೊಡಕು ಒಂದೇ. ಅದರ ಬೆನ್ನ ಮೇಲೆ, ಜೀನು ಕೂರುವ ಜಾಗದಲ್ಲಿ ಒಂದು ಸುಳಿ. ಯಜಮಾನನನ್ನು ತಿನ್ನುವ ಸುಳಿ ಎಂದು ನಮ್ಮೂರಲ್ಲಿ ಅಂಥ ದನವನ್ನು ಯಾರೂ ಕಟ್ಟುವುದಿಲ್ಲ. ಅಪ್ಪ ಹೋದಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ಬೇಡವೆಂದರೆ ಮುಗಿಯಿತು. ದನ ಮಾರುವವರ ಕಳ್ಳಬುದ್ಧಿ ನನಗೂ ಬಂತು. ಬೆನ್ನಿನ ಕೂದಲು ಬೋಳಿಸಿ, ಗಾಯದ ಔಷಧಿ ಬಳಿದು, ಗೂಡ್ಸ್ ಗಾಡಿಯಲ್ಲಿ ಊರಿಗೆ ತಂದೆ. ಅವ್ವ ಪಾಪ ಗಾಯವೆಂದೇ ನಂಬಿದಳು. ತಾನೇ ಹುರುಳಿ ಬೇಯಿಸಿ ತಿನ್ನಿಸಿದಳು.

ಬೋಳಿಸಿದ ಕೂದಲು ಮತ್ತೆ ಬೆಳೆಯುತ್ತದೆ ಎಂಬುದು ನನ್ನ ಘನ ಬುದ್ಧಿಗೆ ಹೊಳೆದಿರಲಿಲ್ಲ. ಎರಡು ತಿಂಗಳಿಗೆ ಸುಳಿ ತನ್ನ ಜಾಗಕ್ಕೆ ಬಂದು ಕೂತಿತ್ತು. ಮೊದಲು ಕಂಡವಳು ಅಪ್ಪನ ತಂಗಿ, ನಮ್ಮತ್ತೆ.

"ಅತ್ಗೆ, ಇವತ್ತೇ ಇದ್ನ ಆಚೆಗೆ ಅಟ್ಟು. ನಿನ್ ಮಗನ್ನ ತಿನ್ಕಂಬುಡ್ತದೆ."

ನಾನು ತಪ್ಪು ಒಪ್ಪಿಕೊಂಡೆ. ಅವ್ವ ಕೆಕ್ಕರಿಸಿ ನೋಡಿ, "ಅವ್ವಂಗೇ ಟೋಪಿ ಹಾಕ್ಬುಟ್ಟಲ್ಲ ಕಣ್ಲಾ ನೀನು" ಎಂದಳು. ಹೋಗಿ ಕುದುರೆಯ ಹಗ್ಗ ಬಿಚ್ಚಿದಳು. ಆಚೆಗೆ ಅಟ್ಟುತ್ತಾಳೆಂದು ನಾನು ಹಿಂದೆಯೇ ಓಡಿದೆ. ಅವಳು ಅದನ್ನು ಬಿಸಿಲಿನಿಂದ ಹುಣಸೆಮರದ ನೆರಳಿಗೆ ಎಳೆದು ಕಟ್ಟಿದಳು.

ಆಮೇಲೆ ಅತ್ತೆಯ ಕಡೆ ತಿರುಗಿದಳು, ದನಿ ಏರಿಸಲಿಲ್ಲ. "ನಿಮ್ಮಣ್ಣ ಸತ್ತಾಗ ನನ್ ಕಾಲ್ಗುಣ ಅಂದ್ಯಲ್ಲವ್ವ. ಆಗ ಇವ್ನಿನ್ನೂ ಮೊಲೆ ಬುಟ್ಟಿರ್ನಿಲ್ಲ. ಅವತ್ತು ನನ್ನೂ ಇಂಗೇ ಅಟ್ಬುಟ್ಟಿದ್ರೆ ಇವ್ನ ಯಾರು ಸಾಕೋರು? ಅದು ಇಲ್ಲೇ ಇರ್ಲಿ ಬುಡು."

ಅತ್ತೆ ಊಟಕ್ಕೂ ನಿಲ್ಲದೆ ಹೊರಟುಹೋದಳು. ಮುಂದಿನ ಸಲ ಬಂದಾಗ ಮನೆಯೊಳಕ್ಕೆ ಬರುವ ಮೊದಲೇ ಹುಣಸೆಮರದ ಹತ್ತಿರ ಹೋಗಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಹುರುಳಿಯನ್ನು ಕುದುರೆಯ ಬಾಯಿಗೆ ಹಿಡಿದಳು.